ಕಸ ಯಾರದು, ಗ್ಯಾಸು ಯಾರದು?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಬೇಡವೆಂದು ಎಸೆಯುತ್ತಿದ್ದ ವಸ್ತುಗಳಿಗೆ ಈಗ ಬೆಲೆ ಬರತೊಡಗಿದೆ. ಅಡಿಕೆ ಸಿಪ್ಪೆ, ತೆಂಗಿನ ಗೆರಟೆ, ಹಟ್ಟಿಯ ಸೆಗಣಿ, ಹೋಟೆಲಿನ ಎಂಜಲು, ಇವುಗಳಿಂದ ಅನಿಲವನ್ನೂ ಗೊಬ್ಬರವನ್ನೂ ಇದ್ದಿಲನ್ನೂ ಪಡೆಯಬಹುದೆಂಬುದನ್ನು ಇಂದು ಯಾರೂ ಅಲ್ಲಗಳೆಯಲಾರರು. ಆದರೆ ಬೆಲೆ ಬಂದ ವಸ್ತುವಿಗೆ ಒಡೆಯರೂ ಬರುತ್ತಾರೆ. ಆ ಒಡೆಯರು ಯಾರಾಗಬೇಕೆಂಬುದನ್ನು ನಮ್ಮ ಜನರು ಈಗಲೇ ತೀರ್ಮಾನಿಸಬೇಕು.

ಪೇಟೆಯ ಕಸದ ಭಾರವನ್ನು ಇದುವರೆಗೆ ಹೊತ್ತವರು ಯಾರು? ಸುಳ್ಯದ ಕಸ ಆಲೆಟ್ಟಿಯ ಕಲ್ಚರ್ಪೆಗೆ ಹೋಗುತ್ತಿತ್ತು. ಅಲ್ಲಿಯ ಜನ ತಡೆಯಲಾರದೆ ವಿರೋಧಿಸಿದ ಮೇಲೆ ಪಟ್ಟಣ ಪಂಚಾಯತ್ ಕಚೇರಿಯ ಅಂಗಳದಲ್ಲೇ ರಾಶಿ ಬಿತ್ತು. ಪುತ್ತೂರಿನ ಕಸದ ನಾತವನ್ನು ಬನ್ನೂರಿನವರು ಸಹಿಸಿದ್ದಾರೆ. ಈಚಿನ ವರ್ಷಗಳಲ್ಲಿ ಅದೇ ಬನ್ನೂರಿನಲ್ಲಿ, ನಗರಸಭೆ ಮತ್ತು ರೋಟರಿ ಸಂಸ್ಥೆಯವರ ಸಹಯೋಗದಿಂದ, ಹಸಿಕಸದಿಂದ ವಾಹನದ ಅನಿಲ ತೆಗೆಯುವ ಘಟಕವೊಂದು ಬಂದಿದೆ. ಇದು ಸ್ವಾಗತಾರ್ಹವೇ. ಆದರೆ ನಾತವನ್ನುಂಡ ಊರಿಗೆ ಲಾಭದಲ್ಲಿ ಪಾಲು ಬೇಡವೆ? ಹಸಿಕಸದಲ್ಲಿ ಪ್ಲಾಸ್ಟಿಕ್ಕು ಬೆರೆತರೆ ಗ್ಯಾಸಿನ ತೊಟ್ಟಿಯೂ ಕೆಡುತ್ತದೆ, ಗೊಬ್ಬರವೂ ಕೆಡುತ್ತದೆ. ಅದನ್ನು ಕೈಯಿಂದ ಬೇರ್ಪಡಿಸುವವನು ಪೌರಕಾರ್ಮಿಕ. ಇಡೀ ಉದ್ಯಮ ನಿಂತಿರುವುದು ಅವನ ಬೆರಳುಗಳ ಮೇಲೆ.

ಹಳ್ಳಿಯ ಲೆಕ್ಕವನ್ನೂ ನೋಡೋಣ. 2 ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸೆಗಣಿ ಬೇಕು. ಸರಿಯಾಗಿ ನಡೆದರೆ ತಿಂಗಳಿಗೆ ಎರಡು ಅಡುಗೆ ಸಿಲಿಂಡರುಗಳಿಗೆ ಹತ್ತಿರದಷ್ಟು ಉರಿ ಸಿಗುತ್ತದೆ. ಮೇಲಾಗಿ ತೋಟಕ್ಕೆ ಒಳ್ಳೆಯ ಸ್ಲರಿ. ಆದರೆ 50 ಕಿಲೋ ಸೆಗಣಿಗೆ ನಾಲ್ಕೈದು ದನಗಳಾದರೂ ಹಟ್ಟಿಯಲ್ಲಿರಬೇಕು. ಒಂದೇ ದನವಿರುವವನಿಗೆ, ಐದು ಸೆಂಟ್ಸಿನ ಮನೆಯವನಿಗೆ, ಸರಕಾರದ ಸಹಾಯಧನ ಕಾಗದದ ಮೇಲಿನ ಮಾತಾಗಿಯೇ ಉಳಿಯುತ್ತದೆ. ಇದ್ದವರ ಹಟ್ಟಿಗೇ ಸಹಾಯ ಹರಿಯುವ ಈ ಕ್ರಮವನ್ನು ಸಮಾಜವಾದವೆಂದು ಹೇಗೆ ಕರೆಯೋಣ?

ಅಡಿಕೆ ಸಿಪ್ಪೆಯ ಸಂಗತಿ ಬೇರೆ. ನಾರು ಹೆಚ್ಚಿರುವುದರಿಂದ ಅದು ಗ್ಯಾಸಿನ ತೊಟ್ಟಿಯಲ್ಲಿ ಸುಲಭವಾಗಿ ಕರಗದು. ಗಾಳಿ ಕಡಿಮೆಮಾಡಿ ಸುಟ್ಟರೆ ಮಾತ್ರ ಇದ್ದಿಲಾಗುತ್ತದೆ. ನಮ್ಮ ಹಿರಿಯರು ಸೊಪ್ಪುಸದೆಯ ಮೇಲೆ ಮಣ್ಣು ಮುಚ್ಚಿ ಸುಡುಮಣ್ಣು ಮಾಡುತ್ತಿದ್ದುದು ಇದರ ಹತ್ತಿರದ ನೆಂಟಸ್ತಿಕೆಯೇ. ಇಲ್ಲಿಯ ಹುಳಿಮಣ್ಣಿಗೆ ಇಂಥ ಇದ್ದಿಲು ಹಿತ. ಮಳೆಗೆ ಸಾರ ಕೊಚ್ಚಿಹೋಗುವ ಇಳಿಜಾರಿನಲ್ಲಿ ಗೊಬ್ಬರವನ್ನು ಹಿಡಿದಿಡಲು ಅದು ನೆರವಾಗುತ್ತದೆ. ಗೆರಟೆಯ ಇದ್ದಿಲನ್ನು ಹಬೆಯಲ್ಲಿ ಮತ್ತೆ ಕಾಯಿಸಿದರೆ ನೀರು ಸೋಸುವ ಇಂಗಾಲ ಸಿಗುತ್ತದೆ. ಆದರೆ ಗೆರಟೆ ಮಾರುವ ರೈತನಿಗೆ ಸಿಗುವುದು ಗೆರಟೆಯ ಬೆಲೆ ಮಾತ್ರ. ಇಂಗಾಲದ ಬೆಲೆ ಕಾರ್ಖಾನೆಯವನ ಪಾಲು.

ಖಾಸಗಿಯವರಿಗೆ ಬಿಟ್ಟರೆ ಕೆಲಸ ಬೇಗ ಆದೀತು ಎನ್ನುವವರಿದ್ದಾರೆ. ಕೇಂದ್ರ ಸರಕಾರ 2018ರಲ್ಲಿ ‘ಸತತ್’ ಯೋಜನೆಯನ್ನು ಘೋಷಿಸಿ, ಉದ್ಯಮಿಗಳನ್ನು ಕರೆದು, 2023ರೊಳಗೆ 5000 ಘಟಕಗಳೆಂದಿತು. ಆ ಗುರಿಯ ಹತ್ತಿರಕ್ಕೂ ದೇಶ ಹೋಗಲಿಲ್ಲ. ಇನ್ನೊಂದು ದಾರಿಯನ್ನು ನಮ್ಮ ರಾಜ್ಯವೇ ಕಂಡಿದೆ. ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1987ರಲ್ಲಿ ಊರಿನ ಸೆಗಣಿಯ ಅನಿಲದಿಂದ ದೀಪ ಉರಿಸಿ, ಕುಡಿಯುವ ನೀರೆತ್ತಿಸಿದರು. ಸೆಗಣಿ ತಂದವರಿಗೆ ಹಣ ದೊರೆಯಿತು, ಸ್ಲರಿಯೂ ಹಿಂತಿರುಗಿತು. ಅದು ಚಿರಕಾಲ ನಡೆಯಲಿಲ್ಲವೆಂಬುದು ನಿಜ. ಹಾಗಾದರೆ ಬೇಕಾದುದು ಲೆಕ್ಕಪತ್ರವೂ ಸದಸ್ಯರೂ ಇರುವ ಗಟ್ಟಿ ಸಂಸ್ಥೆ. ನಮ್ಮಲ್ಲಿ ಅದಕ್ಕೇನು ಬರವೆ? 1973ರಲ್ಲಿ ಬೆಳೆಗಾರರು ಕ್ಯಾಂಪ್ಕೋ ಕಟ್ಟಿದರು; 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕಲೇಟ್ ಕಾರ್ಖಾನೆ ಎದ್ದಿತು. ಕೊಕ್ಕೋ ಬೀಜವನ್ನು ಚಾಕಲೇಟು ಮಾಡಿದ ರೈತರಿಗೆ ಸಿಪ್ಪೆಯನ್ನು ಇದ್ದಿಲು ಮಾಡುವುದು ಅಸಾಧ್ಯವೆ?

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟ. ಕೃಷಿಪತ್ತಿನ ಸಹಕಾರಿ ಸಂಘಗಳು ಇದ್ದಿಲಿನ ಒಲೆಗಳನ್ನೂ ಸಾಮೂಹಿಕ ಗ್ಯಾಸ್ ಸ್ಥಾವರಗಳನ್ನೂ ನಡೆಸಲಿ. ಒಂದು ಬುಟ್ಟಿ ಸೆಗಣಿ ತಂದವನಿಗೂ ತೂಕದ ಚೀಟಿ ಕೊಟ್ಟು, ಆ ಪ್ರಮಾಣದಲ್ಲಿ ಹಣ ಮತ್ತು ಸ್ಲರಿ ನೀಡಲಿ. ಪೇಟೆಯ ಘಟಕಗಳ ಆಯವ್ಯಯವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಲಿ. ಲಾಭದ ಒಂದಂಶ ಘಟಕದ ನೆರೆಯ ವಾರ್ಡಿನ ನೀರು, ರಸ್ತೆಗಳಿಗೆ ಸಲ್ಲಲಿ. ಕಸ ಬೇರ್ಪಡಿಸುವವರಿಗೆ ಕೈಗವಸು, ಖಾಯಂ ನೌಕರಿ, ನ್ಯಾಯವಾದ ಸಂಬಳ ದೊರೆಯಲಿ. ಓದುಗರೂ ತಮ್ಮ ಮನೆಯ ಹಸಿಕಸವನ್ನು ಬೇರೆಯಾಗಿಡಲಿ. ಅದನ್ನು ಮಾಡದವನಿಗೆ ಪಾಲು ಕೇಳುವ ಬಾಯಿಲ್ಲ.

ಮುಂದಿನ ಮಹಾಸಭೆಯಲ್ಲಿ ಪ್ರತಿಯೊಂದು ಸಂಘದ ಸದಸ್ಯರೂ ಎದ್ದು ಈ ಪ್ರಶ್ನೆಯನ್ನೆತ್ತಲಿ. ಗುತ್ತಿಗೆಯ ಕಾಗದಕ್ಕೆ ರುಜು ಬಿದ್ದ ಮೇಲೆ ಕೂಗಿ ಪ್ರಯೋಜನವಿಲ್ಲ.