ಕಿತ್ತು ಹೋದ ಹಳಿ, ಉಳಿದ ಸುತ್ತುದಾರಿ

ಚೆಂಬೂರಿನಲ್ಲಿ ಸಂಘದ ಕಾರ್ಯಕ್ರಮ ರಾತ್ರಿ ಎಂಟಕ್ಕೆ ಮುಗಿಯುವುದಿದ್ದರೆ ಅಂಧೇರಿಯಿಂದ ಬಂದ ಹಿರಿಯರು ಏಳಕ್ಕೇ ಎದ್ದು ಚಪ್ಪಲಿ ಹುಡುಕುತ್ತಾರೆ. ಹಾರ್ಬರ್ ಗಾಡಿಯಲ್ಲಿ ದಕ್ಷಿಣಕ್ಕೆ ಇಳಿದು, ವಡಾಲದಲ್ಲಿ ಗಾಡಿ ಬದಲಿಸಿ, ಮತ್ತೆ ಉತ್ತರಕ್ಕೆ ಏರಬೇಕು. ರಸ್ತೆ ಹಿಡಿದವರಿಗೆ ಕುರ್ಲಾ–ಅಂಧೇರಿ ರಸ್ತೆಯ ಸಹವಾಸ. ಅದರ ಬಗ್ಗೆ ಓದುಗರಿಗೆ ಹೇಳಬೇಕಾಗಿಲ್ಲ.

ಈ ಭಾಗಗಳ ನಡುವೆ ಹಿಂದೊಮ್ಮೆ ನೇರ ರೈಲು ಓಡುತ್ತಿತ್ತು ಎಂದರೆ ಅನೇಕರು ನಂಬಲಾರರು. 1928ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಟ್ರಾಂಬೆಯಿಂದ ಕುರ್ಲಾ ಮಾರ್ಗವಾಗಿ ಅಂಧೇರಿಗೆ, ಸುಮಾರು 13 ಕಿ.ಮೀ. ಉದ್ದದ ಕವಲು ಮಾರ್ಗದಲ್ಲಿ ಗಾಡಿ ಆರಂಭಿಸಿತು. ಅದೇ ಸಾಲ್ಸೆಟ್–ಟ್ರಾಂಬೆ ರೈಲು. ಸಾಲ್ಸೆಟ್ ಎಂದರೆ ಸಾಷ್ಟಿ ದ್ವೀಪ, ಅಂದರೆ ಇಂದಿನ ಉಪನಗರಗಳು ನಿಂತಿರುವ ನೆಲ. ಇಂದಿನ ಮಧ್ಯ ರೈಲ್ವೆಯ ಕುರ್ಲಾವನ್ನೂ ಪಶ್ಚಿಮ ರೈಲ್ವೆಯ ಅಂಧೇರಿಯನ್ನೂ ಅದು ಅಡ್ಡಲಾಗಿ ಬೆಸೆದಿತ್ತು. ಆದರೆ ಅದರ ಆಯುಷ್ಯ ಆರೇ ವರ್ಷ. 1934ರಲ್ಲಿ ಮಾರ್ಗ ಮುಚ್ಚಿತು, ಹಳಿ ಕಿತ್ತರು.

ಅಂದಿನವರನ್ನು ಪೂರ್ತಿ ದೂರುವಂತಿಲ್ಲ. ಅಂಧೇರಿ, ಕುರ್ಲಾಗಳು ಬೃಹನ್ಮುಂಬಯಿಗೆ ಸೇರಿದ್ದೇ 1950ರಲ್ಲಿ. ಆದರೂ ಗಾಡಿ ನಿಲ್ಲಿಸುವುದು ಬೇರೆ, ನೆಲ ಬಿಟ್ಟುಕೊಡುವುದು ಬೇರೆ. ನಿಂತ ಗಾಡಿಯನ್ನು ಮತ್ತೆ ಓಡಿಸಬಹುದು. ಕುರ್ಲಾ–ಅಂಧೇರಿ ನಡುವೆ ವಿಮಾನ ನಿಲ್ದಾಣ, ಕಾರ್ಖಾನೆ, ವಸತಿಗಳು ಎದ್ದ ಮೇಲೆ ಹಳಿ ಹಾಸಲು ಜಾಗ ಎಲ್ಲಿಂದ ತರುವುದು? ನೆಲದ ಮೇಲೆ ಸಿಗದ ದಾರಿಯನ್ನು ಕೊನೆಗೆ ಕಂಬಗಳ ಮೇಲೆ ಕಟ್ಟಬೇಕಾಯಿತು. ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮೆಟ್ರೋ ಓಡಿದ್ದು 2014ರ ಜೂನ್ 8ರಂದು, ಹಳೆಯ ಮಾರ್ಗ ಮುಚ್ಚಿದ 80 ವರ್ಷಗಳ ನಂತರ! ಅದೂ ಕುರ್ಲಾ, ಚೆಂಬೂರುಗಳನ್ನು ಮುಟ್ಟುವುದಿಲ್ಲ.

ಇದು ತುಳು-ಕನ್ನಡಿಗರಿಗೆ ಬರೀ ಹಳೆಯ ಕಥೆಯಲ್ಲ. ಚೆಂಬೂರಿನಲ್ಲಿ ಕರ್ನಾಟಕ ಸಂಘ, ಕುರ್ಲಾದಲ್ಲಿ ಬಂಟರ ಭವನ, ಅಂಧೇರಿಯಲ್ಲಿ ಮೊಗವೀರ ಭವನ. ಎಲ್ಲವೂ ಆ ಮಾರ್ಗದ ಊರುಗಳಲ್ಲೇ ಇವೆ. ಒಂದೆಡೆಯ ನಾಟಕಕ್ಕೆ ಇನ್ನೊಂದೆಡೆಯವರು ಬರುವುದಿಲ್ಲ ಎಂದು ಸಂಘಟಕರು ಗೊಣಗುತ್ತಾರೆ. ಅಭಿಮಾನ ಕಡಿಮೆಯಾಯಿತು ಎಂಬ ತೀರ್ಮಾನಕ್ಕೆ ಬರುವ ಮುನ್ನ, ಮೊಣಕಾಲು ನೋವಿನವರು ಎಷ್ಟು ಸೇತುವೆ ಮೆಟ್ಟಿಲು ಹತ್ತಿಳಿಯಬೇಕೆಂದು ಒಮ್ಮೆ ಲೆಕ್ಕ ಹಾಕಲಿ.

ಡಿ.ಎನ್. ನಗರ–ಮಂಡಾಲೆ ಮೆಟ್ರೋ 2ಬಿ ಯೋಜನೆ ಅಂಧೇರಿ, ಬಾಂದ್ರಾ, ಕುರ್ಲಾ, ಚೆಂಬೂರು, ಮಾನ್‌ಖುರ್ದ್‌ಗಳನ್ನು ಜೋಡಿಸುವಂಥದ್ದು. ಬಾಂದ್ರಾದ ಬಳಸು ಬಿಟ್ಟರೆ ಹೆಚ್ಚುಕಡಿಮೆ ಆ ಹಳೆಯ ರೈಲಿನ ಊರುಗಳೇ. ಮಂಡಾಲೆಯಿಂದ ಚೆಂಬೂರಿನ ಡೈಮಂಡ್ ಗಾರ್ಡನ್‌ವರೆಗೆ ಪ್ರಾಯೋಗಿಕ ಓಡಾಟ 2025ರ ಏಪ್ರಿಲ್‌ನಲ್ಲಿ ನಡೆಯಿತು. ಆ ತುಂಡಿನಿಂದ ಅಂಧೇರಿಯವರಿಗೆ ಪ್ರಯೋಜನವಿಲ್ಲ. ಸನ್ಮಾನದ ಶಾಲು ಹೊದಿಸಲು ರಾಜಕೀಯ ನಾಯಕರನ್ನು ಕರೆಯುವ ಸಂಘಗಳು, ಅದೇ ವೇದಿಕೆಯಲ್ಲಿ ಒಂದು ಮನವಿಪತ್ರವನ್ನೂ ಅವರ ಕೈಗಿಡಬಹುದು: ಇಡೀ ಮಾರ್ಗ ಅಂಧೇರಿ ಮುಟ್ಟಲಿ, ಕುರ್ಲಾದಲ್ಲಿ ಮೆಟ್ರೋಗೂ ರೈಲು ನಿಲ್ದಾಣಕ್ಕೂ ವಯಸ್ಸಾದವರು ನಡೆಯಬಲ್ಲ ದಾರಿಯಿರಲಿ, ಅಲ್ಲೇ ಒಂದು ಗೋಡೆಯ ಮೇಲೆ 1928ರ ಆ ರೈಲಿನ ನಕ್ಷೆಯನ್ನೂ ಹಾಕಲಿ.