ಕೆಪ್ಪ ಜೋಗ ನೋಡಿದ್ದೀರಾ?

ಮಕ್ಕಳೇ, ಮಳೆಗಾಲ ಬಂತೆಂದರೆ ದಾವಣಗೆರೆ ಕಡೆಯವರು ಜೋಗದ ದಾರಿ ಹಿಡಿಯುತ್ತಾರೆ. ಈ ಸಲ ಹರಿಹರ, ರಾಣೆಬೆನ್ನೂರು, ಹಾವೇರಿ ದಾಟಿ ಶಿರಸಿಗೆ ಹೊರಡಿ. ಅಲ್ಲಿಂದ ಮುಂದೆ, ಸಿದ್ದಾಪುರ ತಾಲ್ಲೂಕಿನ ಕಾಡಿನಲ್ಲಿ ಉಂಚಳ್ಳಿ ಜಲಪಾತವಿದೆ.

ಅಲ್ಲಿ ಅಘನಾಶಿನಿ ನದಿ 116 ಮೀಟರ್ ಕೆಳಕ್ಕೆ ಧುಮುಕುತ್ತದೆ. 1845ರಲ್ಲಿ ಲಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ಇದನ್ನು 'ಕಂಡುಹಿಡಿದ' ಎನ್ನುತ್ತಾರೆ. ಹಾಗಾಗಿ ಲಷಿಂಗ್ಟನ್ ಫಾಲ್ಸ್ ಎಂಬ ಹೆಸರೂ ಇದೆ. ಆದರೆ ಊರಿನವರು ಕರೆಯುವುದು ಕೆಪ್ಪ ಜೋಗ ಎಂದು. ಅದರ ಆರ್ಭಟಕ್ಕೆ ಕಿವಿ ಕೆಪ್ಪಾಗುತ್ತದಲ್ಲ, ಅದಕ್ಕೆ! ಯಾವ ಹೆಸರು ಒಪ್ಪುತ್ತದೆ, ನೀವೇ ಹೇಳಿ.

ನಮ್ಮ ಹರಿಹರದ ತುಂಗಭದ್ರೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಶಿರಸಿಯಲ್ಲಿ ಹುಟ್ಟುವ ಅಘನಾಶಿನಿ ಪಶ್ಚಿಮಕ್ಕೆ ಹರಿದು, ಕುಮಟಾ ಬಳಿ ಅರಬ್ಬಿ ಸಮುದ್ರ ಸೇರುತ್ತಾಳೆ. ಜೋಗದ ಶರಾವತಿಯನ್ನು ಲಿಂಗನಮಕ್ಕಿ ಅಣೆಕಟ್ಟು ಹಿಡಿದು ನಿಲ್ಲಿಸಿದೆ. ಅಘನಾಶಿನಿಗೆ ಅಂಥ ದೊಡ್ಡ ಅಣೆಕಟ್ಟೇ ಇಲ್ಲ. ಮಳೆ ಬಂದಷ್ಟು ನೀರು, ನೀರು ಇದ್ದಷ್ಟು ಸದ್ದು.

ಜಡಿಮಳೆಯಲ್ಲಿ ಮಂಜು ಕವಿದರೆ ಸದ್ದಷ್ಟೇ ಕೇಳುತ್ತದೆ, ಜಲಪಾತ ಕಾಣುವುದಿಲ್ಲ. ಮಳೆ ಇಳಿದ ಮೇಲೆ, ದಸರಾ ರಜೆಯಲ್ಲಿ ಹೋದರೆ ಒಳ್ಳೆಯದು. ಕೊನೆಗೆ ಕಾಡುದಾರಿಯಲ್ಲಿ ನಡೆಯಬೇಕು. ಪಾಚಿ ಜಾರುತ್ತದೆ, ಉಂಬಳ ಕಾಲಿಗೆ ಹತ್ತುತ್ತದೆ. ಬುತ್ತಿಗೆ ಮಂಡಕ್ಕಿ ಒಯ್ಯಿರಿ, ಖಾಲಿ ಚೀಲ ವಾಪಸ್ ತನ್ನಿ. ಕಂಬಿ ದಾಟಿ ಮಾತ್ರ ಇಳಿಯಬೇಡಿ. ಆ ಸದ್ದಿನಲ್ಲಿ ನೀವು ಕೂಗಿದ್ದು ಅಮ್ಮನಿಗೆ ಕೇಳಿಸದು, ಅಮ್ಮ ಕೂಗಿದ್ದು ನಿಮಗೆ ಕೇಳಿಸದು. ಕೈ ಕೈ ಹಿಡಿದೇ ನೋಡಿ.