ಲೋಕಲ್ ಗಾಡಿಯ ಪಾಳೆಯಗಾರರು

ಪಾಳೆಯಗಾರಿಕೆಯು ಅಳಿದು ಬಹುಕಾಲವಾಯಿತೆಂದು ನಾವು ಶಾಲೆಯ ಹುಡುಗರಿಗೆ ಪಾಠ ಹೇಳುತ್ತೇವೆ. ಮುಂಬಯಿಯ ಲೋಕಲ್ ಗಾಡಿಯ ಮಟ್ಟಿಗೆ ಈ ಪಾಠವು ಸುಳ್ಳು. ಮುಂಜಾನೆ ವಿರಾರದಿಂದ ಚರ್ಚ್‌ಗೇಟಿಗೆ ಹೊರಟ ಗಾಡಿಯ ಬಾಗಿಲಲ್ಲಿ ಹತ್ತಾರು ಮಂದಿ ತೋಳಿಗೆ ತೋಳು ಹಚ್ಚಿ ನಿಲ್ಲುತ್ತಾರೆ. ಬೋರಿವಲಿಯಲ್ಲಿ ಹತ್ತಬಂದವನನ್ನು ಹೊರಕ್ಕೆ ನೂಕುತ್ತಾರೆ. ಅಲ್ಲಿ ಇಳಿಯಬೇಕಾದವನನ್ನು ಇಳಿಯಗೊಡದೆ ಮುಂದಕ್ಕೆ ಒಯ್ಯುತ್ತಾರೆ. ದೂರದ ಗಾಡಿಯಲ್ಲಿ ಹತ್ತಿರದವನಿಗೇನು ಕೆಲಸವೆಂಬುದು ಅವರ ಶಾಸನ! ಒಳಗೆ ಬೆಂಚಿನ ಮೇಲೆ ಚೀಲವನ್ನಿಟ್ಟು, ಮುಂದೆ ಹತ್ತುವ ಗೆಳೆಯನಿಗಾಗಿ ಸ್ಥಳ ಕಾಯುತ್ತಾರೆ. ಕೇಳಿದವನಿಗೆ ಮೊದಲು ಬೈಗುಳು, ಬಳಿಕ ಪೆಟ್ಟು. ಪಾಸಿಗೆ ಹಣ ತೆತ್ತವರು ಎಲ್ಲರೂ ಆಗಿರಲು, ಈ ಜಹಗೀರನ್ನು ಇವರಿಗೆ ಬರೆದುಕೊಟ್ಟವರಾರು?

ಇದಕ್ಕೆ ಸಿದ್ಧವಾಗಿರುವ ಉತ್ತರವು ಒಂದೇ: ದಟ್ಟಣೆ. ದಟ್ಟಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆ ನಗರದ ಲೋಕಲ್ ಗಾಡಿಗಳಲ್ಲಿ ದಿನಕ್ಕೆ 70 ಲಕ್ಷಕ್ಕೂ ಮಿಕ್ಕಿ ಪ್ರಯಾಣಗಳಾಗುತ್ತವೆ. ಕಚೇರಿಯ ವೇಳೆಗೆ ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುವುದುಂಟು. 2025ರ ಜೂನ್ 9ರಂದು ಮುಂಬ್ರಾದ ಬಳಿ, ಪರಸ್ಪರ ಹಾಯ್ದುಹೋಗುತ್ತಿದ್ದ ಎರಡು ಗಾಡಿಗಳ ಬಾಗಿಲಿಗೆ ಜೋತಿದ್ದವರು ಕೆಳಗುರುಳಿ, ಆ ದಿನವೇ ನಾಲ್ವರು ಸತ್ತರು. ಬಾಗಿಲು ಮುಚ್ಚುವ ಹವಾನಿಯಂತ್ರಿತ ಲೋಕಲ್ 2017ರ ಡಿಸೆಂಬರ್ 25ರಂದೇ ಓಡಲಾರಂಭಿಸಿದ್ದರೂ, ಉಳಿದ ಗಾಡಿಗಳ ಬಾಗಿಲುಗಳು ಅಷ್ಟು ವರುಷ ತೆರೆದೇ ಉಳಿದುದಕ್ಕೆ ರೇಲ್ವೆಯವರೇ ಲೆಕ್ಕವನ್ನೊಪ್ಪಿಸಬೇಕು. ಆದರೆ ಒಳಗೆ ತೆರಪಿದ್ದಾಗಲೂ ಬಾಗಿಲಿಗೆ ಅಡ್ಡನಿಂತು, ಜೋತಾಡುವವನನ್ನು ಒಳಗೆ ಬಿಡದವನ ಲೆಕ್ಕವನ್ನು ಯಾರೊಪ್ಪಿಸಬೇಕು?

ಇನ್ನು ದಟ್ಟಣೆಯೇ ಇಲ್ಲದ ವೇಳೆಯನ್ನು ನೋಡಿರಿ. 2002ರ ಆಗಸ್ಟಿನಲ್ಲಿ, ರಾತ್ರಿಯ ಲೋಕಲ್ ಗಾಡಿಯಲ್ಲಿ, ಮಾನಸಿಕ ನ್ಯೂನತೆಯಿದ್ದ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತು. ಅದೇ ಡಬ್ಬಿಯಲ್ಲಿ ಬೇರೆ ಪ್ರಯಾಣಿಕರಿದ್ದರು. ಕೂಡಿಕೊಂಡು ತಡೆಯಲಿಲ್ಲ. ಅಲ್ಲಿ ಕೈಯಾಡಿಸಲು ಸ್ಥಳವಿರಲಿಲ್ಲವೇ? ಮುಂಜಾನೆ ಬೆಂಚಿಗಾಗಿ ಎದ್ದ ತೋಳುಗಳು ರಾತ್ರಿ ಏಕೆ ಏಳವು? ಚರ್ಚ್‌ಗೇಟ್-ಬೋರಿವಲಿಗಳ ನಡುವೆ 1992ರ ಮೇ 5ರಂದು ಹೆಂಗಸರಿಗಾಗಿಯೇ ಒಂದು ಗಾಡಿಯನ್ನು ಬಿಟ್ಟರೆಂದು ಹೆಮ್ಮೆಪಡುವವರಿದ್ದಾರೆ. ಒಳ್ಳೆಯದೇ. ಆದರೆ ತಾಯಿ-ತಂಗಿಯರಿಗೆ ಬೇರೆ ಗಾಡಿ ಬೇಕಾಯಿತೆಂಬುದು ಗಂಡಸರಿಗೆ ದೊರೆತ ಪ್ರಶಸ್ತಿಪತ್ರವೇನೂ ಅಲ್ಲ.

ಕಾಯಿದೆಯಿಲ್ಲವೆಂದು ಯಾರೂ ಹೇಳುವಂತಿಲ್ಲ. 1989ರ ರೇಲ್ವೆ ಕಾಯಿದೆಯು ಕುಡಿದು ಗಲಭೆ ಮಾಡುವವನಿಗೂ, ಹೆಂಗಸರ ಡಬ್ಬಿಗೆ ನುಗ್ಗುವವನಿಗೂ ದಂಡವನ್ನು ಗೊತ್ತುಮಾಡಿತು. ಹಕ್ಕಿನಿಂದ ಹತ್ತುವವನನ್ನು ತಡೆಯುವುದೂ ಅದರಲ್ಲಿ ಅಪರಾಧವೇ. ಆ ಕಾಯಿದೆಯು ಅದಕ್ಕೆ ಕಟ್ಟಿದ ಬೆಲೆ ಮಾತ್ರ ಹೆಚ್ಚೆಂದರೆ 200 ರೂಪಾಯಿ. ಬಾಗಿಲಲ್ಲಿ ನಿಂತ ಹತ್ತು ಜನರು ಹಂಚಿಕೊಂಡರೆ ತಲೆಗೆ 20 ರೂಪಾಯಿ! ಪಾಳೆಯಗಾರನಿಗೆ ಇದಕ್ಕಿಂತ ಅಗ್ಗದ ಕಪ್ಪವಿನ್ನಾವುದು?

ಪೋಲೀಸರಾದರೋ ಎರಡು ಬಗೆ. ರೇಲ್ವೆ ಸಂರಕ್ಷಣಾ ಪಡೆಯು ಕೇಂದ್ರ ಸರಕಾರದ್ದು. ರೇಲ್ವೆ ಪೋಲೀಸು ರಾಜ್ಯ ಸರಕಾರದ್ದು. ಓಡುವ ಗಾಡಿಯಲ್ಲಿ ಪೆಟ್ಟು ತಿಂದವನು ತನ್ನ ಪೆಟ್ಟು ಯಾವ ಸ್ಟೇಶನ್ನಿನ ಹದ್ದಿನಲ್ಲಿ ಬಿತ್ತೆಂದು ಹೇಗೆ ಬಲ್ಲ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧವು ಎಲ್ಲಿಯೇ ನಡೆದಿರಲಿ, ಗಂಭೀರ ಅಪರಾಧದ ಫಿರ್ಯಾದನ್ನು ಯಾವ ಠಾಣೆಯವರಾದರೂ ಬರೆದುಕೊಳ್ಳಲೇಬೇಕು. ಆದುದರಿಂದ "ಇದು ನಮ್ಮ ಹದ್ದಲ್ಲ" ಎನ್ನುವ ಅಧಿಕಾರಿಗೆ ಈ ಮಾತನ್ನು ಎದುರಿಗೇ ಹೇಳಿರಿ; 139 ಎಂಬ ರೇಲ್ವೆಯ ಸಹಾಯವಾಣಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿರಿ.

ಪರಊರಿನ ಈ ರಗಳೆ ನಮಗೇಕೆಂದು ಕೆಲವು ವಾಚಕರು ಕೇಳಿಯಾರು. 1926ರಲ್ಲಿ ಮೈಸೂರು ಅಸೋಸಿಯೇಷನ್ನನ್ನೂ 1933ರಲ್ಲಿ ಕರ್ನಾಟಕ ಸಂಘವನ್ನೂ ಮುಂಬಯಿಯಲ್ಲಿ ಕಟ್ಟಿದವರು ನಮ್ಮವರೇ. ಹೊಟೇಲಿನ ಒಲೆಯಾರಿಸಿ ಕೊನೆಯ ಗಾಡಿಯನ್ನು ಹಿಡಿಯುವವರಲ್ಲಿಯೂ ನಮ್ಮವರುಂಟು. ಮೇಲಾಗಿ ಬೆಂಗಳೂರಿಗೇ 148 ಕಿಲೋಮೀಟರಿನ ಉಪನಗರ ರೇಲ್ವೆಯು 2020ರಲ್ಲಿ ಮಂಜೂರಾಗಿ, 2022ರ ಜೂನಿನಲ್ಲಿ ಅದರ ಅಡಿಗಲ್ಲು ಬಿದ್ದಿದೆ. ಅದರ ಹಳಿ-ಕಂಬಗಳ ಸುದ್ದಿಯನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ನಾವೀಗ ಕೇಳುವುದು ಬೇರೊಂದನ್ನು: ರಾತ್ರಿ ಹತ್ತು ಗಂಟೆಗೆ ಎರಡು ನಿಲ್ದಾಣಗಳ ನಡುವೆ ಒಬ್ಬ ಹೆಣ್ಣುಮಗಳು ಕೂಗಿಕೊಂಡರೆ, ಯಾವ ಪೋಲೀಸನು ಎಷ್ಟು ನಿಮಿಷದೊಳಗೆ ಅವಳ ಬಳಿಗೆ ಬರುವನು? ಮೊದಲನೆಯ ಗಾಡಿ ಹೊರಡುವುದಕ್ಕೆ ಮುನ್ನ ಇದಕ್ಕೆ ಬರೆವಣಿಗೆಯ ಉತ್ತರವನ್ನು ಸರಕಾರವು ಪ್ರತಿಯೊಂದು ನಿಲ್ದಾಣದ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಲಿ.